ಮುಚ್ಚಿದ ಸಂಜೆಮಲ್ಲಿಗೆ

“ಉಸಿರು ಸ್ವಲ್ಪ ಆಚೆ ಬಿಡಿ ಮೇಡಂ,” ಎಂದರು ಮೇಷ್ಟ್ರು. “ಒಣಗಿದ ಹೂವು. ಮುಟ್ಟದಿದ್ರೂ ಉದುರುತ್ತೆ.”

ಇನ್ಸ್‌ಪೆಕ್ಟರ್ ಭೂತಗನ್ನಡಿಯನ್ನು ಅಲುಗಿಸದೆ ಮುಖ ಮಾತ್ರ ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟಳು. ಮತ್ತೆ ಬಗ್ಗಿದಳು. ದಪ್ಪ ಬಿಳಿ ಹಾಳೆಯ ಮೇಲೆ ಸಂಜೆಮಲ್ಲಿಗೆಯ ಒಂದು ರೆಂಬೆ, ಮೇಣ ಸವರಿದ ದಾರದ ಪುಟ್ಟ ಹೊಲಿಗೆಗಳಲ್ಲಿ ಬಿಗಿದು ಮಲಗಿತ್ತು. ಎಲೆಗಳು ಹಳೇ ಚಹಾಪುಡಿಯ ಬಣ್ಣಕ್ಕೆ ತಿರುಗಿದ್ದವು. ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಅಚ್ಚಾದ ಚೀಟಿ. ಸ್ಥಳ: ಹೆದ್ದಾರಿಯ ದೊಡ್ಡ ತಿರುವು, ರಸ್ತೆ ಬದಿ. ಸಮಯ: ಸಂಜೆ. ಸಂಗ್ರಹ: ಅದರ ಮುಂದೆ ಸತ್ತವಳ ಹೆಸರು.

ಆ ಮೂರು ಸಾಲಿನ ಬಲದ ಮೇಲೆ ಒಬ್ಬ ಮನುಷ್ಯ ಎರಡು ವರ್ಷದಿಂದ ಜೈಲಿನಲ್ಲಿದ್ದ.

ಅವನು ರಸ್ತೆ ಬದಿಯ ಹುಲ್ಲು ಕತ್ತರಿಸುವ ಯಂತ್ರದ ಚಾಲಕ. ತಿರುವಿನ ಚರಂಡಿಯಲ್ಲಿ ಯುವ ಸಂಶೋಧಕಿಯ ಹೆಣ ಸಿಕ್ಕಾಗ, ಯಾವುದೋ ವಾಹನ ಬಡಿದಿದೆ ಎನ್ನುವುದೊಂದೇ ಖಚಿತವಾಗಿತ್ತು. ಇಡೀ ರಾತ್ರಿ ಸುರಿದ ಮಳೆ ರಸ್ತೆಯ ಮೇಲಿನ ಗುರುತುಗಳನ್ನೆಲ್ಲ ತೊಳೆದುಬಿಟ್ಟಿತ್ತು. ಮಧ್ಯಾಹ್ನದಿಂದ ರಾತ್ರಿಯೊಳಗೆ ಯಾವಾಗಲಾದರೂ ಸತ್ತಿರಬಹುದು ಎಂದು ವೈದ್ಯರು ಬರೆದರು. ಸಂಜೆ ಎಂದು ಹೇಳಿದ್ದು ಈ ಹಾಳೆ. ಆ ಸಂಜೆ ತಿರುವಿನ ರಸ್ತೆ ಅಂಚಿನಲ್ಲಿ ಜನ ಕಂಡ ಗಾಡಿ ಅವನದೊಂದೇ. ಅದೇ ಮಧ್ಯಾಹ್ನವಿಡೀ ಅವನು ಡಿಪೋದಲ್ಲಿ ಯಂತ್ರ ರಿಪೇರಿ ಮಾಡಿಸುತ್ತ ಹತ್ತಾರು ಜನರ ಕಣ್ಣೆದುರಿಗಿದ್ದ. ಹೀಗಾಗಿ ಅವನ ಪಾಲಿಗೆ ಮಧ್ಯಾಹ್ನ ಎಂದರೆ ಬಿಡುಗಡೆ, ಸಂಜೆ ಎಂದರೆ ಜೈಲು.

ಮೇಲ್ಮನವಿ ಬರುವ ವಾರ ವಿಚಾರಣೆಗೆ ಬರಲಿತ್ತು. ಚಾಲಕನ ತಂಗಿ ಆಗಾಗ ಠಾಣೆಗೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು, ಏನೂ ಕೇಳದೆ ಎದ್ದು ಹೋಗುತ್ತಿದ್ದಳು. ಅವಳು ಬೈದಿದ್ದರೆ ಇನ್ಸ್‌ಪೆಕ್ಟರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಈ ಕೇಸನ್ನು ಹಿಂದಿನವರು ಮುಗಿಸಿ ಹೋಗಿದ್ದರು. ಇವಳ ಕೈಗೆ ಬಂದಿದ್ದು ಅದರ ಫೈಲು ಮತ್ತು ಆ ಬೆಂಚು.

“ಸತ್ತ ಹುಡುಗಿಯ ಉಳಿದ ಹಾಳೆಗಳನ್ನೂ ನೋಡಬೇಕಿತ್ತು,” ಎಂದಳು ಇನ್ಸ್‌ಪೆಕ್ಟರ್.

ಮೇಷ್ಟ್ರು ಎದ್ದು ಕಬ್ಬಿಣದ ಬೀರುವಿನ ಕಡೆ ನಡೆದರು. ಒಣಗಿಸಿದ ಗಿಡಗಳನ್ನು ಕೂಡಿಡುವ ಈ ಹರ್ಬೇರಿಯಂನ ಮುಖ್ಯಸ್ಥರು ಅವರು. ಸತ್ತವಳಿಗೆ ಕಾಲೇಜಿನಲ್ಲಿ ಪಾಠ ಹೇಳಿದವರು, ಆಮೇಲೆ ಸಂಶೋಧನೆಗೆ ಮಾರ್ಗದರ್ಶಕರು. ಬೀರುವಿನ ಬಾಗಿಲು ತೆರೆದದ್ದೇ ನುಸಿಗುಳಿಗೆಯ ವಾಸನೆ ಕೋಣೆಯನ್ನು ತುಂಬಿತು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ಸಶಬ್ದವಾಗಿ ಸೀನಿದ.

ಅವನನ್ನು ಎಲ್ಲರೂ ಕರೆಯುವುದು ಮೀಸೆ ಎಂದು. ಮೀಸೆ ಈಗಿಲ್ಲ. ಯಾವತ್ತೋ ಬಾಜಿ ಸೋತು ಬೋಳಿಸಿದವನು ಮತ್ತೆ ಬಿಡಲೇ ಇಲ್ಲ. ಹೆಸರು ಮಾತ್ರ ಉಳಿದುಕೊಂಡಿತು.

“ಇಲ್ಲಿ ಹುಳ ಸಾಯುತ್ತೋ ಇಲ್ಲವೋ ಗೊತ್ತಿಲ್ಲ, ಇನ್ನೊಂದು ಸ್ವಲ್ಪ ಹೊತ್ತು ಕೂತರೆ ನಾನಂತೂ ಹೋಗ್ತೀನಿ,” ಎಂದ ಮೀಸೆ.

ಮೇಷ್ಟ್ರು ನಗಲಿಲ್ಲ. ಬೆಳಗ್ಗೆಯೂ ಮೀಸೆ ಹೀಗೇ ಏನೋ ಅಂದಿದ್ದ. ಅವರಿಬ್ಬರ ಜೀಪು ಗೇಟಿನೊಳಗೆ ಬರುವ ಹೊತ್ತಿಗೆ, ಮೇಷ್ಟ್ರನ್ನು ಇಳಿಸಿದ ಹಳೇ ಬೂದು ಬಣ್ಣದ ಕಾರು ಆಚೆ ಹೊರಡುತ್ತಿತ್ತು. ಮೇಷ್ಟ್ರ ಹೆಂಡತಿ ಓಡಿಸುತ್ತಿದ್ದರು. ಮುಂದಿನ ಎರಡು ದೀಪಗಳಲ್ಲಿ ಒಂದು ಹಳದಿಗಟ್ಟಿ ಮಂಕಾಗಿತ್ತು, ಇನ್ನೊಂದು ಫಳಫಳ ಹೊಳೆಯುತ್ತಿತ್ತು. “ಪಾಪ, ಒಂದೇ ಕಣ್ಣಿಗೆ ಪೊರೆ ತೆಗೆಸಿದ್ದಾರೆ ನೋಡಿ ಮೇಡಂ,” ಎಂದಿದ್ದ ಮೀಸೆ. ಇನ್ಸ್‌ಪೆಕ್ಟರ್ ನಕ್ಕಿದ್ದಳು.

ಮೇಷ್ಟ್ರು ಹಾಳೆಗಳ ಒಂದು ಕಟ್ಟನ್ನು ಎರಡೂ ಅಂಗೈಗಳ ಮೇಲೆ ಮಲಗಿಸಿಕೊಂಡು ತಂದರು, ನಿದ್ದೆ ಹೋದ ಮಗುವನ್ನು ತರುವಂತೆ.

ಎಲ್ಲವೂ ಸಂಜೆಮಲ್ಲಿಗೆಯೇ. ಅವಳ ಸಂಶೋಧನೆಯ ವಿಷಯವೇ ಅದು: ಅಂಗಳದಲ್ಲಿ ನೆಟ್ಟ ಹೂವು ಬೇಲಿ ದಾಟಿ ರಸ್ತೆ ಬದಿಯ ಗಿಡವಾದದ್ದು ಹೇಗೆ, ಯಾವ ಕಾಲದಲ್ಲಿ, ಯಾವ ದಾರಿಯಲ್ಲಿ. ಅದಕ್ಕೆ ಸಾಕ್ಷಿ ಈ ಹಾಳೆಗಳೇ. ತಾತಂದಿರ ಕಾಲದ ಹಾಳೆಗಳೆಲ್ಲ ತೋಟದವು. ಆಮೇಲಿನವು ಸ್ಮಶಾನದ ಗೋಡೆ, ರೈಲು ನಿಲ್ದಾಣದ ಹಿಂಭಾಗ, ಕಸ ಸುರಿಯುವ ಹಳ್ಳ. ಕೊನೆಗೆ ಎಲ್ಲೆಲ್ಲೂ ರಸ್ತೆ ಬದಿ. ಒಂದು ಹಾಳೆ ಎಂದರೆ ನಕ್ಷೆಯ ಮೇಲೆ ಒಂದು ಚುಕ್ಕೆ. ಚುಕ್ಕೆಗಳನ್ನು ಕಾಲದ ಪ್ರಕಾರ ಜೋಡಿಸಿದರೆ ಹೂವು ನಡೆದು ಬಂದ ದಾರಿ ಕಾಣುತ್ತದೆ. ಇದನ್ನು ಮೇಷ್ಟ್ರು ವಿವರಿಸುತ್ತಿದ್ದಾಗ ಅವರ ದನಿಯಲ್ಲಿ ಪಾಠ ಹೇಳುವ ಹಳೆಯ ಹುರುಪು ಬಂದು, ಅರ್ಧದಲ್ಲೇ ಆರಿಹೋಯಿತು.

“ಸೋಮಾರಿ ಅಂತ ಕರೀತಿದ್ಲು ಇದನ್ನ,” ಎಂದರು. “ಜಗತ್ತೆಲ್ಲ ಕೆಲಸ ಮುಗಿಸೋ ಹೊತ್ತಿಗೆ ಏಳುತ್ತೆ, ಬೆಳಗಾದ್ರೆ ಮುದುಡಿ ಮಲಗುತ್ತೆ ಅಂತ. ನಮ್ಮ ಸೋಮಾರಿ ಎದ್ದಿರಬೇಕು, ಹೋಗಿ ಬರ್ತೀನಿ ಸರ್ ಅಂತ ದಿನಾ ಸಂಜೆ ಹೊರಡೋಳು.”

ಇನ್ಸ್‌ಪೆಕ್ಟರ್ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು. ಅವಳೂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಗಿಡ ಓದಿ ಲಾಠಿ ಹಿಡಿದವರು ಎಂದು ಠಾಣೆಯಲ್ಲಿ ಬೆನ್ನ ಹಿಂದೆ ತಮಾಷೆ ಮಾಡುವುದು ಅವಳಿಗೆ ಗೊತ್ತಿತ್ತು.

ಸತ್ತವಳ ಕೈ ಪ್ರತಿ ಹಾಳೆಯಲ್ಲೂ ಒಂದೇ. ಗಿಡವನ್ನು ಬೇರು ಸಮೇತ ಅಗೆದಿದ್ದಾಳೆ. ದಪ್ಪ ಗೆಡ್ಡೆಯನ್ನು ಉದ್ದಕ್ಕೆ ಸೀಳಿ ಒಳಭಾಗ ಕಾಣುವಂತೆ ಇಟ್ಟಿದ್ದಾಳೆ. ಒಂದು ಎಲೆಯನ್ನು ಮಾತ್ರ ಮಗುಚಿ, ಬೆನ್ನು ತೋರಿಸಿದ್ದಾಳೆ. ಹೂವುಗಳು ಪೂರ್ತಿ ಅರಳಿವೆ. ದಳದ ಅಂಚು ಮಡಚದಂತೆ ಬೆರಳಲ್ಲಿ ತೀಡಿ ಹರಡಿದ ಗುರುತು ಈಗಲೂ ಉಳಿದಿದೆ. ಸಂಜೆ ಅರಳಿದ ಹೂವನ್ನು ಅಲ್ಲೇ, ರಸ್ತೆ ಬದಿಯಲ್ಲೇ ಕೂತು, ಹೀರುಕಾಗದದ ನಡುವೆ ಇಟ್ಟು ಹಲಗೆಗಳನ್ನು ಬೆಲ್ಟಿನಲ್ಲಿ ಬಿಗಿದಿದ್ದಾಳೆ.

ಆಮೇಲೆ ಕೊನೆಯ ಹಾಳೆಯನ್ನು ಅವುಗಳ ಪಕ್ಕದಲ್ಲಿಟ್ಟಳು.

ಬೇರಿಲ್ಲ. ಗೆಡ್ಡೆಯಿಲ್ಲ. ಮಗುಚಿದ ಎಲೆಯಿಲ್ಲ. ಬರೀ ರೆಂಬೆ. ಅದರ ಬುಡವನ್ನು ಹರಿತವಾದ ಕತ್ತರಿಯಲ್ಲಿ, ಹೂದಾನಿಗೆ ಇಡುವವರು ಕತ್ತರಿಸುವ ಹಾಗೆ, ಓರೆಯಾಗಿ ಕತ್ತರಿಸಲಾಗಿತ್ತು.

“ಇದು ಅವಳ ಕೈ ಅಲ್ಲ ಸರ್.”

ಅವಸರದಲ್ಲಿದ್ದಳೇನೋ ಎಂದರು ಮೇಷ್ಟ್ರು. ಕತ್ತಲಾಗುತ್ತಿತ್ತು, ಮಳೆ ಬರುವ ಹಾಗಿತ್ತು, ಅಗೆಯಲು ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ. ಹೇಳುವಾಗ ಅವರು ಹಾಳೆಯನ್ನು ನೋಡುತ್ತಿರಲಿಲ್ಲ.

“ಹೂವು ನೋಡಿ,” ಎಂದು ಅವಳು ಭೂತಗನ್ನಡಿಯನ್ನು ಅವರ ಕಡೆ ಸರಿಸಿದಳು. “ನೀವೇ ಹೇಳಿ.”

ಮೇಷ್ಟ್ರು ಬಹಳ ಹೊತ್ತು ಬಗ್ಗಿ ನೋಡಿದರು. ನೋಡುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ರೆಂಬೆಯ ತುದಿಯಲ್ಲಿ ಎರಡು ಥರದ ಹೂವುಗಳಿದ್ದವು. ಹಿಂದಿನ ಸಂಜೆ ಅರಳಿದವು ಬಾಡಿ, ಕೊಳವೆ ತಿರುಚಿಕೊಂಡು ಮುದುಡಿದ್ದವು. ಆ ದಿನ ಸಂಜೆ ಅರಳಬೇಕಾದವು ಉದ್ದಕ್ಕೆ ಬೆಳೆದ ಮೊಗ್ಗುಗಳಾಗಿ, ಕೊಡೆಯ ಹಾಗೆ ಸುತ್ತಿಕೊಂಡೇ ಇದ್ದವು. ಅರಳಿದ್ದು ಒಂದೂ ಇಲ್ಲ.

“ಹೇಳಿ ಸರ್.”

“ಮಧ್ಯಾಹ್ನ,” ಎಂದರು ಮೇಷ್ಟ್ರು.

ಬಾಗಿಲ ಬಳಿ ಮೀಸೆ ನೆಟ್ಟಗೆ ಕೂತ.

ಮಧ್ಯಾಹ್ನ ಕಿತ್ತು, ಸಂಜೆಯವರೆಗೆ ಚೀಲದಲ್ಲಿಟ್ಟು, ಆಮೇಲೆ ಒತ್ತಿರಬಾರದೇಕೆ ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಕೋರ್ಟಿನಲ್ಲಿ ಎದುರು ಪಕ್ಷದವರು ಕೇಳುವ ಮೊದಲ ಪ್ರಶ್ನೆ ಅದೇ. ಮೇಷ್ಟ್ರು ತಲೆಯಾಡಿಸಿದರು. ಕಿತ್ತ ರೆಂಬೆಯಲ್ಲೂ ಬಲಿತ ಮೊಗ್ಗು ತನ್ನ ಹೊತ್ತಿಗೆ ಬಿರಿಯುತ್ತದೆ, ಚೀಲದೊಳಗಿದ್ದರೂ. ಬಿರಿಯದಂತೆ ತಡೆಯುವುದು ಹಲಗೆಗಳ ಒತ್ತಡ ಮಾತ್ರ. ಮೋಡದ ದಿನ ಇನ್ನೂ ಬೇಗ ಅರಳುತ್ತದೆಯೇ ಹೊರತು ತಡವಾಗಿ ಅಲ್ಲ. ಆ ದಿನ ಮೋಡವಿತ್ತು.

ಅವರು ಸುಳ್ಳು ಹೇಳಬಹುದಿತ್ತು. ಕೇಳುತ್ತಿದ್ದ ಇಬ್ಬರಲ್ಲಿ ಯಾರೂ ಅದನ್ನು ಅಲ್ಲಗಳೆಯುವಂತಿರಲಿಲ್ಲ. ಗಿಡದ ವಿಷಯದಲ್ಲಿ ಸುಳ್ಳು ಅವರ ಬಾಯಿಗೆ ಬರಲಿಲ್ಲ.

“ಹಾಗಾದ್ರೆ ದಿನಾ ಸಂಜೆ ಹೂವು ಹುಡುಕೋಳು ಆ ಸಂಜೆ ಒಂದು ಹೂವನ್ನೂ ಒತ್ತಲಿಲ್ಲ,” ಎಂದಳು ಇನ್ಸ್‌ಪೆಕ್ಟರ್. “ಹೆಣದ ಜೊತೆ ಸಿಕ್ಕ ಹಲಗೆಗಳ ನಡುವೆ ಇದ್ದದ್ದು ಇದೊಂದೇ. ಸಂಜೆ ಆಗೋ ಹೊತ್ತಿಗೆ ಅವಳು ಇರಲಿಲ್ಲ ಸರ್.”

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

ಇನ್ನೊಂದು ಸಂಗತಿಯನ್ನೂ ಅವಳು ಹೇಳಿದಳು. ಮೊನ್ನೆ ಅವಳೂ ಮೀಸೆಯೂ ಆ ತಿರುವಿಗೆ ಹೋಗಿದ್ದರು. ಸಂಜೆಮಲ್ಲಿಗೆಯನ್ನು ಮೇಲಿನಿಂದ ಎಷ್ಟು ಸಲ ಕತ್ತರಿಸಿದರೂ ಗೆಡ್ಡೆ ನೆಲದಲ್ಲಿ ಉಳಿಯುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಮೀಸೆ ಆ ಅಂಚನ್ನು ಗುದ್ದಲಿ ಹಿಡಿದು ಉದ್ದಕ್ಕೂ ಕೆದಕಿದ. ಅಲ್ಲಿದ್ದದ್ದು ಹುಲ್ಲಿನ ಬೇರು ಮತ್ತು ಜಲ್ಲಿ.

“ಕೊನೆಗೆ ಒಂದು ಗೆಣಸಾದ್ರೂ ಸಿಗಬಾರದಿತ್ತಾ,” ಎಂದ ಮೀಸೆ. “ನನ್ನ ಸೊಂಟ ಇನ್ನೂ ಸರಿಹೋಗಿಲ್ಲ.”

“ಅಲ್ಲಿ ಈ ಗಿಡ ಯಾವತ್ತೂ ಇರಲಿಲ್ಲ,” ಎಂದಳು ಇನ್ಸ್‌ಪೆಕ್ಟರ್. “ಆದ್ರೆ ಚೀಟೀಲಿ ಇದೆ. ಈ ಚೀಟಿ ಬರೆದದ್ದು ಯಾರು?”

ಮೇಷ್ಟ್ರು ಚೀಟಿಯ ಅಂಚನ್ನು ಬೆರಳಲ್ಲಿ ತೀಡಿದರು.

“ನಾನು,” ಎಂದರು ಮೇಷ್ಟ್ರು.

ಅವರು ಹೇಳಿದ್ದು ನಿಧಾನವಾಗಿ, ನಡುನಡುವೆ ನಿಲ್ಲಿಸುತ್ತ. ಹೆಣ ಸಿಕ್ಕ ಕೆಲವು ದಿನಗಳಲ್ಲಿ ಠಾಣೆಯಿಂದ ಅವಳ ಹಲಗೆಗಳು ಇಲ್ಲಿಗೆ ಬಂದವು. ಒಳಗಿರುವುದು ಯಾವ ಗಿಡ, ತಿಳಿಸಿ ಎಂದು ಕೇಳಿದ್ದರು. ಜೊತೆಯಲ್ಲಿ ಹಲಗೆ ಸಿಕ್ಕ ಜಾಗದ ವಿವರವಿತ್ತು: ಹೆದ್ದಾರಿಯ ದೊಡ್ಡ ತಿರುವು. ಬೆಲ್ಟು ಬಿಚ್ಚಿದಾಗ ರೆಂಬೆ ಒಂದೇ ಇತ್ತು, ಅವಳ ಕೈಬರಹ ಏನೂ ಇರಲಿಲ್ಲ. ಎಲ್ಲಿಯದೆಂದು ಗೊತ್ತಿಲ್ಲದ ಗಿಡವನ್ನು ಬೀರುವಿನಲ್ಲಿ ಇಡುವಂತಿಲ್ಲ. ಅದು ಇಲ್ಲಿಯ ನಿಯಮ. ಸ್ಥಳವಿಲ್ಲದ ಗಿಡ ಬರೀ ಒಣಹುಲ್ಲು, ಎಸೆಯಬೇಕು.

“ಎಸೆಯೋಕೆ ಮನಸ್ಸು ಬರಲಿಲ್ಲ,” ಎಂದರು. “ಅವಳು ಕೊನೇದಾಗಿ ಮುಟ್ಟಿದ ಗಿಡ. ಅವಳ ಹಾಳೆಗಳ ಜೊತೆ ಇದೂ ಇರಲಿ ಅನ್ನಿಸ್ತು. ಸ್ಥಳ ಅಂತ ನಿಮ್ಮವರು ಬರೆದದ್ದನ್ನೇ ಬರೆದೆ. ಸಮಯ ಅಂತ... ಅವಳ ಹಾಳೆಗಳೆಲ್ಲದರಲ್ಲೂ ಸಂಜೆ ಅಂತಲೇ ಇದೆಯಲ್ಲ. ಕೈ ತಾನಾಗೇ ಬರೀತು, ಹಾಗೇ ಅಚ್ಚು ಹಾಕಿಸಿದೆ. ಹೂವು ನೋಡಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ಮೊದಲು ಹೂವು ನೋಡಿ, ಆಮೇಲೆ ಬರೀರಿ ಅಂತ ಪಾಠ ಮಾಡಿದವನು ನಾನು.”

“ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ?”

“ಇದು ಅವಳ ಸಂಗ್ರಹದ ಹಾಳೆಯೇ ಅಂತ ಕೇಳಿದ್ರು. ಹೌದು ಅಂದೆ. ಚೀಟಿ ಯಾರು ಬರೆದದ್ದು ಅಂತ ಯಾರೂ ಕೇಳಲಿಲ್ಲ.”

“ಕೇಳದಿದ್ರೆ?”

ಅವರು ಕನ್ನಡಕ ಹಾಕಿಕೊಂಡು ಬೀರುಗಳ ಸಾಲನ್ನು ನೋಡಿದರು. ಒಂದು ಚೀಟಿ ಹೀಗೆ ಎಂದು ಒಪ್ಪಿಕೊಂಡರೆ ಉಳಿದ ಚೀಟಿಗಳನ್ನು ಯಾರು ನಂಬುತ್ತಾರೆ ಎಂದು ಯೋಚಿಸಿದೆ ಎಂದರು. ಆಮೇಲೆ, ಪೊಲೀಸರ ಬಳಿ ಬೇರೆ ಸಾಕ್ಷಿಯೂ ಇದ್ದೇ ಇರುತ್ತದೆ, ಇದೊಂದರ ಮೇಲೆಯೇ ಯಾರನ್ನೂ ಒಳಗೆ ಹಾಕುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡೆ ಎಂದರು.

“ನೀವು ಹೇಳಿದ್ದನ್ನ ನಾನು ಬರೆದೆ,” ಎಂದರು ಕೊನೆಗೆ. “ನಾನು ಬರೆದದ್ದನ್ನ ನೀವು ನಂಬಿದ್ರಿ. ನಡುವೆ ಆ ಮನುಷ್ಯ ಸಿಕ್ಕಿಹಾಕಿಕೊಂಡ.”

ಇನ್ಸ್‌ಪೆಕ್ಟರಿಗೆ ಕೋಪ ಬರಬೇಕಿತ್ತು. ಬಂದದ್ದು ಸಂಕಟ. ಯಾರೂ ದ್ವೇಷದಿಂದ ಏನನ್ನೂ ಮಾಡಿರಲಿಲ್ಲ. ಠಾಣೆಯವರು ಹೆಣ ಸಿಕ್ಕ ಜಾಗವನ್ನು ಬರೆದರು, ಮೇಷ್ಟ್ರು ಅದನ್ನು ಗಿಡದ ಜಾಗ ಮಾಡಿದರು, ಠಾಣೆಯವರು ಗಿಡ ಅಲ್ಲಿಯದೆಂದು ಕಂಡು ಅವಳು ಅಲ್ಲಿ ಹೂವು ಕೀಳುತ್ತಿದ್ದಳು ಎಂದರು. ತಮ್ಮದೇ ಮಾತು ಬೇರೆಯವರ ಬಾಯಿಂದ ಅಚ್ಚಾಗಿ ವಾಪಸು ಬಂದಾಗ ಅದು ಸಾಕ್ಷಿಯಂತೆ ಕಂಡಿತು. ಬೆಂಚಿನ ಮೇಲೆ ಕೂರುವ ಆ ಹುಡುಗಿಗೆ ಇದನ್ನು ಯಾವ ಮುಖ ಇಟ್ಟುಕೊಂಡು ವಿವರಿಸುವುದು?

“ಈಗ ಏನು ಮಾಡೋದು ಸರ್?”

ಮೇಷ್ಟ್ರು ಮೇಜಿನ ಡ್ರಾಯರ್ ಎಳೆದು ಒಂದು ಸಣ್ಣ ಡಬ್ಬಿ ತೆಗೆದರು. ಒಳಗೆ ಬೆರಳುದ್ದದ ಖಾಲಿ ಚೀಟಿಗಳಿದ್ದವು. ಹಾಳೆಗೆ ಅಂಟಿಸಿದ ಚೀಟಿ ತಪ್ಪೆಂದು ತಿಳಿದರೆ ಅದನ್ನು ಕೀಳುವಂತಿಲ್ಲ, ಹೊಡೆದುಹಾಕುವಂತಿಲ್ಲ. ಪಕ್ಕದಲ್ಲಿ ತಿದ್ದುಪಡಿಯ ಚೀಟಿ ಅಂಟಿಸಿ, ತಿದ್ದಿದವರು ಸಹಿ ಹಾಕಬೇಕು. ತಪ್ಪೂ ಉಳಿಯಬೇಕು, ತಿದ್ದಿದ್ದೂ ಉಳಿಯಬೇಕು.

ಅವರು ಪೆನ್ನು ಬಿಚ್ಚಿ ಬರೆದರು. ಸ್ಥಳ ಮತ್ತು ಸಮಯ ನಾನು ಊಹಿಸಿ ಬರೆದದ್ದು. ಸಮಯ: ಮಧ್ಯಾಹ್ನ. ಸ್ಥಳ: ತಿಳಿದಿಲ್ಲ. ಕೆಳಗೆ ಸಹಿ. ಅಕ್ಷರಗಳು ಅಚ್ಚಿನಷ್ಟು ಸ್ಪಷ್ಟವಾಗಿದ್ದವು.

ಎರಡು ವರ್ಷದ ಜೈಲನ್ನು ತೆರೆಯುವುದಕ್ಕೆ ಅಷ್ಟು ಸಾಕಾಗಿತ್ತು.

“ಆ ಚಾಲಕನ ತಂಗಿಗೆ ಒಂದು ಫೋನ್ ಮಾಡಲಾ ಮೇಡಂ?” ಎಂದು ಮೀಸೆ ಮೆಲ್ಲಗೆ ಕೇಳಿದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ಸ್ವಲ್ಪ ತಡಿ,” ಎಂದಳು ಅವಳು.

ಅವಳ ಕಣ್ಣು ಹಾಳೆಯ ಮೇಲಿನ ಎಡಮೂಲೆಯಲ್ಲಿತ್ತು. ಅಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಕಾಗದದ ಪೊಟ್ಟಣ ಅಂಟಿಸಿತ್ತು. ಉಳಿದ ಹಾಳೆಗಳಲ್ಲೂ ಇತ್ತು. ಒಣಗಿದ ಗಿಡದಿಂದ ಉದುರಿದ ಬೀಜ, ದಳ, ಎಲೆಯ ಚೂರು ಯಾವುದನ್ನೂ ಎಸೆಯದೆ ಅದರಲ್ಲೇ ಹಾಕಿಡುವುದು ಹರ್ಬೇರಿಯಂನವರ ಪದ್ಧತಿ.

ಬಿಚ್ಚಬಹುದೇ ಎಂದು ಕೇಳಿದಳು. ಮೇಷ್ಟ್ರು ತಾವೇ ಚಿಮಟದಿಂದ ಮಡಿಕೆಗಳನ್ನು ಬಿಡಿಸಿ, ಒಳಗಿದ್ದದ್ದನ್ನು ಬಿಳಿ ತಟ್ಟೆಯ ಮೇಲೆ ಸುರಿದರು.

ಒಂದು ಮುದುಡಿದ ಹೂವು. ಮೆಣಸುಕಾಳಿನಂಥ ಎರಡು ಕಪ್ಪು ಬೀಜ. ಒಣಗಿ ಗಟ್ಟಿಯಾದ ಬಟ್ಟೆಯ ಚೂರೊಂದು, ಅದರ ಸುತ್ತ ಬಿಗಿದ ಗಂಟಿನ ಸಮೇತ ಒಂದು ದಾರದ ಉಂಗುರ.

ಯಾರೋ ರೆಂಬೆ ಬಾಡದಿರಲಿ ಎಂದು ಅದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ದಾರ ಕಟ್ಟಿ ಕೊಟ್ಟಿದ್ದರು. ರಸ್ತೆ ಬದಿಯಲ್ಲಿ ಕಿತ್ತ ಗಿಡಕ್ಕೆ ಯಾರೂ ಅಷ್ಟು ಉಪಚಾರ ಮಾಡುವುದಿಲ್ಲ. ಅವಳು ಬೇರಿಲ್ಲದ ಗಿಡವನ್ನು ಬೇಡವೆನ್ನದೆ ತೆಗೆದುಕೊಂಡದ್ದೂ, ಕೊಟ್ಟವರ ಎದುರಿಗೇ ಹಲಗೆಯಲ್ಲಿ ಇಟ್ಟದ್ದೂ, ಬೇಡ ಅನ್ನಲಾಗದವರು ಕೊಟ್ಟಿದ್ದರಿಂದ.

ಇನ್ಸ್‌ಪೆಕ್ಟರ್ ದಾರವನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಬಿಳಿ ನೂಲು. ಮೇಣ ಸವರಿದ್ದರಿಂದ ಮಂಕಾಗಿ ಹೊಳೆಯುತ್ತಿತ್ತು. ಅದನ್ನು ಹಾಳೆಯ ಮೇಲಿನ ಹೊಲಿಗೆಯ ಪಕ್ಕಕ್ಕೆ ತಂದಳು. ಎರಡೂ ಒಂದೇ.

“ನಿಮ್ಮಲ್ಲಿ ಹಾಳೆ ಹೊಲಿಯೋದು ಯಾರು ಸರ್?”

ಮೇಷ್ಟ್ರು ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದರು.

“ಮನೆಯವಳು,” ಎಂದರು. “ಮನೆಯಲ್ಲೇ ಹೊಲಿದುಕೊಡ್ತಾಳೆ. ಅವಳಷ್ಟು ನಾಜೂಕಾಗಿ ಇಲ್ಲಿ ಯಾರಿಗೂ ಬರಲ್ಲ.”

“ಅವತ್ತು ಮಧ್ಯಾಹ್ನ ನೀವು?”

“ಇಲ್ಲೇ. ಇದೇ ಕುರ್ಚೀಲಿ. ನನ್ನ ಊಟ ಇಲ್ಲಿಗೇ ಬರುತ್ತೆ. ಅವಳೇ ಕಾರಲ್ಲಿ ತಂದುಕೊಡ್ತಾಳೆ. ಒಂದು ದಿನ ತಪ್ಪಿಸಿದ್ದಿಲ್ಲ.”

ಫೈಲಿನಲ್ಲಿದ್ದ ಹಳೇ ಹೇಳಿಕೆಯಲ್ಲೂ ಅವರು ಅದನ್ನೇ ಹೇಳಿದ್ದರು. ಇನ್ಸ್‌ಪೆಕ್ಟರ್ ತಲೆಯಾಡಿಸಿದಳು. ಬಟ್ಟೆ ಬಿಚ್ಚಿ ಪೊಟ್ಟಣಕ್ಕೆ ಹಾಕುವಾಗ ಈ ದಾರ ಕಾಣಲಿಲ್ಲವೇ ಎಂದು ಕೇಳಿದಳು.

“ಕಣ್ಣು ತುಂಬಿಕೊಂಡಿತ್ತು. ನೋಡಲಿಲ್ಲ,” ಎಂದರು ಮೇಷ್ಟ್ರು. ಆಮೇಲೆ, “ನೋಡಿದ್ದೆನೋ ಏನೋ. ಎಸೆಯಬಾರದು ಅನ್ನೋದು ಮಾತ್ರ ಕೈಗೆ ಗೊತ್ತಿತ್ತು,” ಎಂದರು.

ಅವರು ಡಬ್ಬಿಯಿಂದ ಇನ್ನೊಂದು ಚೀಟಿ ತೆಗೆದುಕೊಂಡರು. ಬರೆಯುವ ಮುನ್ನ ಮಾತಾಡಿದರು. ತಮ್ಮ ಗೇಟಿನ ಪಕ್ಕದಲ್ಲಿ ಒಂದು ಸಂಜೆಮಲ್ಲಿಗೆ ಇತ್ತು. ಹುಡುಗಿ ಮನೆಗೆ ಬಂದಾಗಲೆಲ್ಲ ಅದನ್ನು ಮಾತಾಡಿಸಿಯೇ ಒಳಗೆ ಬರುತ್ತಿದ್ದಳು. ಆ ಮನೆಯಲ್ಲಿ ಅವಳಿಗೊಂದು ತಟ್ಟೆ, ಒಂದು ಲೋಟ ಬೇರೆಯಾಗಿಯೇ ಇತ್ತು. ಹೆಂಡತಿಯನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ಅವಳು ಸತ್ತ ಸುದ್ದಿ ಬಂದ ದಿನವೇ ಹೆಂಡತಿ ಆ ಗಿಡವನ್ನು ಗೆಡ್ಡೆ ಸಮೇತ ಕಿತ್ತು ಹಾಕಿದಳು. ಇನ್ನು ಅದನ್ನು ನೋಡುವುದಕ್ಕಾಗುವುದಿಲ್ಲ ಎಂದಳು.

“ದುಃಖ ಅಂದ್ಕೊಂಡೆ,” ಎಂದರು ಮೇಷ್ಟ್ರು. “ಇಷ್ಟು ದಿನ ದುಃಖ ಅಂತಲೇ ಅಂದ್ಕೊಂಡಿದ್ದೆ.”

ಚೀಟಿಯ ಮೇಲೆ ಬರೆದರು. ಸ್ಥಳ: ನನ್ನ ಮ‌ನೆಯ ಗೇಟಿನ ಪಕ್ಕ.

ಹೊರಗೆ ಜಲ್ಲಿಯ ಮೇಲೆ ಕಾರು ಬಂದು ನಿಂತ ಸದ್ದಾಯಿತು. ಮೀಸೆ ಎದ್ದು ಕಿಟಕಿಯಿಂದ ಬಗ್ಗಿ ನೋಡಿದ. ಬೆಳಗ್ಗೆಯ ಅದೇ ಬೂದು ಕಾರು. ಈಗ ಅದು ಕಿಟಕಿಗೆ ಎದುರಾಗಿ ನಿಂತಿತ್ತು. ಒಂದು ದೀಪ ಹಳೆಯದು, ಒಂದು ಹೊಸದು. ಮೀಸೆ ಇನ್ಸ್‌ಪೆಕ್ಟರನ್ನು ನೋಡಿದ. ಬೆಳಗ್ಗೆ ನಕ್ಕದ್ದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

ಮೇಷ್ಟ್ರ ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಒಳಗೆ ಬಂದರು. ನೆರೆತ ಕೂದಲನ್ನು ಬಿಗಿಯಾಗಿ ಕಟ್ಟಿದ್ದ, ತೆಳ್ಳನೆಯ ಹೆಂಗಸು. ಕೈಬೆರಳುಗಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ಯೂನಿಫಾರ್ಮು ಕಂಡು ಬಾಗಿಲಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಮೇಜಿನ ಬಳಿ ಬಂದರು. ಗಂಡನನ್ನು ನೋಡಲಿಲ್ಲ, ಇನ್ಸ್‌ಪೆಕ್ಟರನ್ನೂ ನೋಡಲಿಲ್ಲ. ಬಿಳಿ ತಟ್ಟೆಯಲ್ಲಿದ್ದ ದಾರವನ್ನು ನೋಡಿದರು.

“ಇದನ್ನೂ ಎತ್ತಿಟ್ಟಿದ್ದೀರಾ,” ಎಂದರು ಗಂಡನಿಗೆ. “ನಿಮ್ಮ ಕೈಯಲ್ಲಿ ಒಂದು ಚೂರನ್ನೂ ಬಿಸಾಕೋಕೆ ಆಗಲ್ಲ.”

ಅದರಲ್ಲಿ ಆಕ್ಷೇಪಣೆಯಿರಲಿಲ್ಲ. ದಿನಾ ಮನೆಯಲ್ಲಿ ಆಡುವ ಮಾತಿನ ಹಾಗಿತ್ತು.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಕೊಟ್ಟಳು. ಅವರು ಕೂರಲಿಲ್ಲ. ಶಾಯಿ ಇನ್ನೂ ಆರದ ಚೀಟಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು.

“ಈ ಗಂಟು ನಿಮ್ಮದಾ ಅಮ್ಮಾ?” ಎಂದು ಇನ್ಸ್‌ಪೆಕ್ಟರ್ ಕೇಳಿದಳು.

“ನಂದೇ. ರೆಂಬೆ ಕತ್ತರಿಸಿ ಕೊಟ್ಟಿದ್ದೂ ನಾನೇ. ಅಂಗಳದ ಗಿಡದ ಮಾದರಿ ಒಂದು ಬೇಕು ಅಮ್ಮಾ ಅಂದ್ಲು. ಅಗೀತೀನಿ ಅಂದ್ಲು. ಬೇರು ಮುಟ್ಟಬೇಡ, ಮುಂದಿನ ವರ್ಷಕ್ಕೂ ಇರಲಿ ಅಂದೆ.” ಅವರ ದನಿ ಅಲ್ಲಿ ಸ್ವಲ್ಪ ಸಡಿಲವಾಯಿತು. “ಅಗೆಯೋಕೆ ಬಿಡಬೇಕಿತ್ತು. ಇನ್ನೊಂದು ಸ್ವಲ್ಪ ಹೊತ್ತು ಅಂಗಳದಲ್ಲೇ ಇರ್ತಿದ್ಲು.”

ಅವರು ಚೀಟಿಯನ್ನು ಗಂಡನ ಕಡೆ ವಾಪಸು ತಳ್ಳಿದರು.

“ಸ್ಥಳ ಸರಿಯಾಗೇ ಬರೆದಿದ್ದೀರಿ. ಮಿಕ್ಕಿದ್ದೂ ಬರೀರಿ. ಅವತ್ತು ನಾನು ಇಲ್ಲಿಗೆ ಊಟ ತರಲಿಲ್ಲ. ನೀವೇ ಮನೆಗೆ ಬಂದ್ರಿ. ಹೋಗುವಾಗ ಅವಳನ್ನ ಕಾರಲ್ಲಿ ಕೂರಿಸ್ಕೊಂಡು ಹೋದ್ರಿ.”

ಮೇಷ್ಟ್ರು ತಲೆ ಎತ್ತಲಿಲ್ಲ. ಇಲ್ಲ ಎನ್ನಲಿಲ್ಲ. ಮುಖದಲ್ಲಿ ಬೆಚ್ಚಿದ ಗುರುತೂ ಇರಲಿಲ್ಲ. ಎಷ್ಟೋ ದಿನದಿಂದ ಬರಲಿದ್ದ ಯಾರೋ ಕೊನೆಗೂ ಬಂದು ಬಾಗಿಲು ತಟ್ಟಿದಂತಿತ್ತು. ಅವರು ಪೆನ್ನಿನ ಮುಚ್ಚಳವನ್ನು ಹುಡುಕಿ, ಮುಚ್ಚಿ, ಚೀಟಿಯ ಪಕ್ಕದಲ್ಲಿ ನೇರವಾಗಿ ಇಟ್ಟರು.

ಅವರ ಹೆಂಡತಿ ಕ್ಯಾರಿಯರ್‌ನ ಕೊಂಡಿ ಬಿಚ್ಚತೊಡಗಿದರು.

“ಹೇಳೋದಾದ್ರೆ ಪೂರ್ತಿ ಹೇಳು,” ಎಂದರು ಮೇಷ್ಟ್ರು ತಣ್ಣಗೆ. “ತಿರುವಿನಲ್ಲಿ ಇಳಿದವಳಿಗೆ ಕಾರು ಬಡಿದಾಗ ಹಿಂದಿನ ಸೀಟಲ್ಲಿ ನೀನೂ ಇದ್ದೆ ಅನ್ನೋದನ್ನೂ ಹೇಳು.”

ಕೊಂಡಿಯ ಮೇಲಿದ್ದ ಬೆರಳುಗಳು ಅಲ್ಲೇ ನಿಂತವು.